ಡಿಗ್ರಿ ಮಾಡಿದ್ರೆ ಒಳ್ಳೆ ಕೆಲಸ ಸಿಗುತ್ತಾ?

ಹೊಸಬರನ್ನು ಕೆಲಸಕ್ಕೆ ಆರಿಸುವವರ ಸಾಲಿನಲ್ಲಿ ನಾನು ಹಲವು ವರ್ಷ ಕೂತಿದ್ದೇನೆ. ಹಾಗಾಗಿ ಎಲ್ಲಿ ಹೋದರೂ ಇದೇ ಪ್ರಶ್ನೆ. "ಮೂರ್ನಾಲ್ಕು ವರ್ಷ ಯೂನಿವರ್ಸಿಟಿಯಲ್ಲಿ ಓದಿದರೆ ನಿಜವಾಗಲೂ ಒಳ್ಳೆ ಕೆಲಸ ಸಿಗುತ್ತಾ, ಇಲ್ಲಾ ಸುಮ್ನೆ ಕಾಲಹರಣವಾ?" ಸಿಗುತ್ತೆ ಅಂತಲೇ ಹೇಳುತ್ತೇನೆ. ಆದರೆ ಕೇಳಿದವರು ಅಂದುಕೊಂಡ ದಾರಿಯಲ್ಲಿ ಅಲ್ಲ.

ಸಂಬಳದ ಮಾತು ಬೇಗ ಮುಗಿಸಿಬಿಡೋಣ. ಹಲವು ದೇಶಗಳ ಅಂಕಿಅಂಶ ಕೂಡಿಸಿ ನೋಡಿದ ಅರ್ಥಶಾಸ್ತ್ರಜ್ಞರ ಪ್ರಕಾರ, ಒಂದು ವರ್ಷ ಜಾಸ್ತಿ ಓದಿದರೆ ಗಳಿಕೆ ಸರಾಸರಿ ಸುಮಾರು ಶೇ 9ರಷ್ಟು ಹೆಚ್ಚುತ್ತದೆ. ಯಾಕೆ ಹೆಚ್ಚುತ್ತದೆ ಅನ್ನುವುದರಲ್ಲೇ ಜಗಳ ಇರುವುದು. ಓದು ಮನುಷ್ಯನ ಕೌಶಲ ಬೆಳೆಸುತ್ತದೆ, ಸಂಬಳ ಅದಕ್ಕೆ ಸಿಗುವ ಬೆಲೆ ಅಂದರು ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್. ಮೈಕಲ್ ಸ್ಪೆನ್ಸ್ ಅನ್ನುವ ಅರ್ಥಶಾಸ್ತ್ರಜ್ಞ 1973ರಲ್ಲಿ ಇನ್ನೊಂದು ಮಾತು ಹೇಳಿದರು. ಕೆಲಸ ಕೊಡುವವರಿಗೆ ನಿಮ್ಮ ಸಾಮರ್ಥ್ಯ ಕಾಣಿಸುವುದಿಲ್ಲ, ಡಿಗ್ರಿ ಅದರ ಗುರುತಾಗಿ ಕೆಲಸ ಮಾಡುತ್ತದೆ ಅಂತ. ಬೆಕರ್‌ಗೆ 1992ರಲ್ಲಿ ನೊಬೆಲ್ ಬಂತು, ಸ್ಪೆನ್ಸ್‌ಗೆ 2001ರಲ್ಲಿ. ಇಬ್ಬರಿಗೂ ಬಂದ ಮೇಲೆ ತೀರ್ಪು ಕೊಡೋಕೆ ನಾನ್ಯಾರು?

ಆದರೂ ನಾನು ಕಂಡಿದ್ದನ್ನು ಹೇಳಬಹುದು, ಅಲ್ವಾ? ಇಂಟರ್‌ವ್ಯೂ ಕೋಣೆಯ ಬಾಗಿಲ ತನಕ ಸ್ಪೆನ್ಸ್ ಹೇಳಿದ್ದು ಸರಿ. ಅರ್ಜಿಗಳ ರಾಶಿ ದೊಡ್ಡದಿದ್ದಾಗ ಮೊದಲು ನೋಡುವುದು ಡಿಗ್ರಿಯನ್ನೇ. ಇದು ನ್ಯಾಯವಲ್ಲ, ಗೊತ್ತು. ಒಳಗೆ ಬಂದು ಕೂತ ಮೇಲೆ ಮಾತ್ರ ಆ ಕಾಗದದ ಬಲ ಇಳಿದುಹೋಗುತ್ತದೆ.

ನಾನು ಯಾವಾಗಲೂ ಕೇಳುವ ಪ್ರಶ್ನೆ ಒಂದೇ: "ನಿಮ್ಮ ಪ್ರಾಜೆಕ್ಟಿನಲ್ಲಿ ಎಲ್ಲಿ ಎಡವಿದಿರಿ?" ಹೆಚ್ಚಿನವರು ತಡವರಿಸುತ್ತಾರೆ. ಕೆಲವರು ಏನೂ ಎಡವಟ್ಟಾಗಲಿಲ್ಲ ಅನ್ನುತ್ತಾರೆ, ಅದು ಇನ್ನೂ ಕೆಟ್ಟದ್ದು. ಒಮ್ಮೆ ಇತಿಹಾಸ ಓದಿದ ಹುಡುಗಿಯೊಬ್ಬಳು ಬಂದಿದ್ದಳು. ನಮಗೆ ಬೇಕಾಗಿದ್ದದ್ದು ಗ್ರಾಹಕರ ದೂರುಗಳ ಡೇಟಾ ನೋಡುವವರು. ವಿಷಯಕ್ಕೂ ಕೆಲಸಕ್ಕೂ ಸಂಬಂಧವೇ ಇಲ್ಲ. ತನ್ನ ಪ್ರಬಂಧ ಅರ್ಧ ಮುಗಿದಾಗ, ತಾನು ನಂಬಿದ್ದ ದಾಖಲೆಯ ತಾರೀಖೇ ತಪ್ಪು ಅಂತ ಗೊತ್ತಾಯಿತಂತೆ. ಅದನ್ನು ಹೇಗೆ ಕಂಡುಹಿಡಿದೆ, ಯಾವ ಪುಟಗಳನ್ನು ಕಿತ್ತುಹಾಕಿದೆ, ಏನನ್ನು ಉಳಿಸಿಕೊಂಡೆ ಅಂತ ಹತ್ತು ನಿಮಿಷ ಹೇಳಿದಳು. ಗೈಡ್ ಆ ಪ್ರಬಂಧವನ್ನು ನಾಲ್ಕು ಸಲ ವಾಪಸ್ ಕೊಟ್ಟಿದ್ದರಂತೆ. ಕೆಲಸ ಅವಳಿಗೇ ಕೊಟ್ಟೆವು.

ಆ ನಾಲ್ಕು ಸಲದಲ್ಲೇ ಎಲ್ಲಾ ಇದೆ ಅಂತ ನನಗನಿಸುತ್ತದೆ. ಪುಸ್ತಕದ ವಿಷಯ ಈಗ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ನಿಮಗಿಂತ ಜಾಸ್ತಿ ಗೊತ್ತಿರುವ ಒಬ್ಬರು ನೀವು ಬರೆದದ್ದನ್ನು ಕೂತು ಓದಿ, "ಇದು ಸಾಲದು, ಇಲ್ಲಿ ಸುಳ್ಳು ಹೇಳ್ತಿದ್ದೀಯ" ಅನ್ನುವುದಿದೆಯಲ್ಲ, ಅದು ಒಬ್ಬರೇ ಕೂತು ಓದಿದರೆ ಸಿಗೋದಿಲ್ಲ. ಮೊದಲ ಸಲ ಮುಖ ಕೆಂಪಾಗುತ್ತದೆ. ಮೂರನೆಯ ಸಲಕ್ಕೆ ಪೆನ್ನು ತೆಗೆದುಕೊಂಡೇ ಹೋಗಿ ಕೂರುತ್ತೀರಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ಇಡೀ ನಡೆಯುವುದು ಇದೇ. ಅಭ್ಯಾಸ ಇದ್ದವರು ತಡೆದುಕೊಳ್ಳುತ್ತಾರೆ. ಇಲ್ಲದವರು ಮನಸ್ಸಿಗೆ ಹಚ್ಚಿಕೊಂಡು ಬಿಟ್ಟುಹೋಗುತ್ತಾರೆ.

ಇನ್ನೊಂದು ಲಾಭ ಇದೆ. ಅದನ್ನು ಯಾವ ಪ್ರಾಸ್ಪೆಕ್ಟಸ್ಸಿನಲ್ಲೂ ಬರೆದಿರುವುದಿಲ್ಲ. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞ ಅಮೆರಿಕದ ಬಾಸ್ಟನ್ ಹತ್ತಿರದ ಊರೊಂದರಲ್ಲಿ, ಆಗಷ್ಟೇ ಕೆಲಸ ಬದಲಿಸಿದವರನ್ನು ಹುಡುಕಿ, ಕೆಲಸದ ಸುದ್ದಿ ಯಾರಿಂದ ಸಿಕ್ಕಿತು ಅಂತ ಕೇಳಿದರು. 1973ರಲ್ಲಿ ಅದನ್ನು ಬರೆದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ, ಆ ಪರಿಚಯದವರನ್ನು ಪದೇ ಪದೇ ಭೇಟಿಯಾಗುತ್ತಿದ್ದವರು ಶೇ 17ಕ್ಕಿಂತ ಕಡಿಮೆ. ಉಳಿದವರಿಗೆ ಸುದ್ದಿ ತಂದವರು ಯಾವಾಗಲೋ ಒಮ್ಮೆ ಸಿಗುವ ಜನ. ಯೋಚನೆ ಮಾಡಿದರೆ ಸರಿಯೇ. ಆಪ್ತ ಗೆಳೆಯರಿಗೆ ಗೊತ್ತಿರೋದು ನಿಮಗೂ ಗೊತ್ತಿರುತ್ತದೆ. ದೂರದವರ ಲೋಕವೇ ಬೇರೆ. ಅಂಥ ಅರ್ಧ ಪರಿಚಯಗಳು ಯೂನಿವರ್ಸಿಟಿಯಲ್ಲಿ ಆಗುವಷ್ಟು ಬೇರೆಲ್ಲೂ ಆಗುವುದನ್ನು ನಾನು ಕಂಡಿಲ್ಲ. ನನ್ನ ಎರಡನೆಯ ಕೆಲಸದ ಸುದ್ದಿ ಕೊಟ್ಟವರು, ಲ್ಯಾಬಿನ ಕೀಲಿ ಕೊಡುವಾಗ ಮೂರ್ನಾಲ್ಕು ಸಲ ಮಾತಾಡಿದ್ದ ಒಬ್ಬ ಸೀನಿಯರ್!

"ಹಾಗಾದರೆ ದೊಡ್ಡ ಹೆಸರಿನ ಕಡೆಯೇ ಸೇರಬೇಕಾ?" ಇದು ಮುಂದಿನ ಪ್ರಶ್ನೆ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಅನ್ನುವ ಅರ್ಥಶಾಸ್ತ್ರಜ್ಞರು ಅಮೆರಿಕದಲ್ಲಿ 1976ರಲ್ಲಿ ಕಾಲೇಜು ಸೇರಿದವರ ಗಳಿಕೆ ನೋಡಿ 2002ರಲ್ಲಿ ಬರೆದರು. ಒಂದೇ ಮಟ್ಟದ ಕಾಲೇಜುಗಳಲ್ಲಿ ಸೀಟು ಸಿಕ್ಕಿದ್ದವರು ಕೊನೆಗೆ ಎಲ್ಲಿ ಓದಿದರೂ ಗಳಿಕೆ ಹೆಚ್ಚುಕಡಿಮೆ ಒಂದೇ. ಬಡ ಮನೆಯಿಂದ ಬಂದವರಿಗೆ ಮಾತ್ರ ದೊಡ್ಡ ಕಾಲೇಜಿನಿಂದ ನಿಜವಾದ ಅನುಕೂಲ ಆಗಿತ್ತು. ಅವರಿಗೆ ಆ ದೂರದ ಪರಿಚಯಗಳು ಮನೆಯ ಕಡೆಯಿಂದ ಸಿಕ್ಕಿರುವುದಿಲ್ಲವಲ್ಲ, ಅದಕ್ಕೇ ಇರಬೇಕು ಅಂತ ನನ್ನ ಊಹೆ.

ಇಂಟರ್ನ್‌ಶಿಪ್ ಬಗ್ಗೆಯೂ ಕೇಳುತ್ತಾರೆ. ಮಾಡಿ, ಖಂಡಿತ ಮಾಡಿ. ಹೊಸ ಫ್ಯಾಷನ್ ಏನಲ್ಲ ಇದು. ಅಮೆರಿಕದ ಸಿನ್ಸಿನಾಟಿ ಯೂನಿವರ್ಸಿಟಿಯಲ್ಲಿ ಹರ್ಮನ್ ಶ್ನೈಡರ್ ಅನ್ನುವ ಪ್ರೊಫೆಸರ್ ಓದು ಮತ್ತು ಸಂಬಳದ ಕೆಲಸ ಎರಡನ್ನೂ ಸರದಿಯ ಮೇಲೆ ಮಾಡಿಸಲು ಶುರು ಮಾಡಿದ್ದು 1906ರಲ್ಲಿ. ಮೂರು ತಿಂಗಳು ಫೋಟೊಕಾಪಿ ಮಾಡಿಸುವ ಜಾಗ ಮಾತ್ರ ಬೇಡ.

ಈಚೆಗೆ ಒಬ್ಬ ಹುಡುಗ ಎರಡು ವಿಭಾಗಗಳಲ್ಲಿ ಯಾವುದು ಸೇರಲಿ ಅಂತ ಕೇಳಿಕೊಂಡು ಬಂದಿದ್ದ. ಪ್ಲೇಸ್‌ಮೆಂಟ್ ಪಟ್ಟಿ ಹಿಡಿದುಕೊಂಡಿದ್ದ. ಅದನ್ನು ಬದಿಗಿಡು, ಎರಡೂ ಕಡೆಯ ಕೊನೆ ವರ್ಷದವರನ್ನು ಮಾತಾಡಿಸು, ನಿಮ್ಮ ರಿಪೋರ್ಟ್ ಕೊನೆಯ ಸಲ ವಾಪಸ್ ಬಂದಿದ್ದು ಯಾವಾಗ ಅಂತ ಕೇಳು ಅಂದೆ. ಒಂದು ಕಡೆ ನಕ್ಕರಂತೆ, ಇಲ್ಲಿ ಯಾರೂ ಓದೋದೇ ಇಲ್ಲ ಅಂತ. ಇನ್ನೊಂದು ಕಡೆ ಒಬ್ಬಳು ಬೈದುಕೊಳ್ಳುತ್ತಾ ಬ್ಯಾಗಿನಿಂದ ಹಾಳೆಗಳ ಕಟ್ಟು ತೆಗೆದು ತೋರಿಸಿದಳಂತೆ. ಪ್ರತಿ ಪುಟದಲ್ಲೂ ಕೆಂಪು ಶಾಯಿ.