ಕತ್ತಿ, ಹೂವು, ಹಿಟ್ಟಿನ ಕೋಳಿ

1993ರ ಚಳಿಗಾಲದಲ್ಲಿ, ಬಿ.ಎ. ಎರಡನೆಯ ವರ್ಷದ ಐಚ್ಛಿಕ ಕನ್ನಡ ತರಗತಿಗೆಂದು ನಾನು ಬರೆದುಕೊಟ್ಟ 12 ಪುಟಗಳ ಪ್ರಬಂಧವೊಂದು ಈಗಲೂ ನನ್ನ ಟ್ರಂಕಿನಲ್ಲಿದೆ. ಅದು ಜನ್ನನ 'ಯಶೋಧರ ಚರಿತೆ'ಯ ಅಮೃತಮತಿಯನ್ನು ಕುರಿತದ್ದು. ಅರಮನೆಯ ರಾಣಿಯಾದವಳು ನಡುರಾತ್ರಿಯಲ್ಲಿ ಕೇಳಿಬಂದ ಹಾಡಿಗೆ ಮನಸೋತು, ಆನೆಲಾಯದ ಕುರೂಪಿ ಅಷ್ಟಾವಂಕನನ್ನು ಒಲಿದದ್ದಕ್ಕೆ ಆಕೆಯ ಮನೋರೋಗವೇ ಕಾರಣವೆಂದು ನಾನು ಅದರಲ್ಲಿ ಬಹಳ ಆತ್ಮವಿಶ್ವಾಸದಿಂದ ವಾದಿಸಿದ್ದೆ. 'ಹಿಸ್ಟೀರಿಯಾ' ಎಂಬ ಪದ ಪುಟಪುಟಕ್ಕೂ ಬಂದಿತ್ತು. ಗುರುಗಳು ಅದಕ್ಕೆ ಅಂಕ ಕೊಡಲಿಲ್ಲ. ಏಳನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಒಂದು ಪ್ರಶ್ನೆ ಬರೆದು ಹಿಂದಿರುಗಿಸಿದರು: 'ರಾಜ ಎತ್ತಿದ ಕತ್ತಿ ಎಲ್ಲಿಗೆ ಹೋಯಿತು?'

ತರಗತಿ ಮುಗಿದ ಮೇಲೆ ವರಾಂಡದಲ್ಲಿ ನನ್ನನ್ನು ನಿಲ್ಲಿಸಿ, "ಏನಪಾ ತಮ್ಮಾ, ಈಕಿಗೆ ರೋಗ ಐತಿ ಅಂತ ಬರದೀಯಲ್ಲ, ನೀ ಓದಿದ್ದು ಪದ್ಯಾನೋ, ಆಸ್ಪತ್ರಿ ಚೀಟಿನೋ?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಾಹಿತ್ಯಕ್ಕೆ ಮನೋವಿಶ್ಲೇಷಣೆಯನ್ನು, ಅಂದರೆ ಮನಸ್ಸು ಅದುಮಿಟ್ಟದ್ದನ್ನು ಹುಡುಕುವ ಶಾಸ್ತ್ರವನ್ನು, ಅನ್ವಯಿಸುವುದೆಂದರೇನು ಎಂಬುದನ್ನು ನಾನು ಕಲಿಯತೊಡಗಿದ್ದು ಆ ವರಾಂಡದಿಂದ. ಈ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಕಾಲೇಜಿನವರು ಕೇಳಿದಾಗ ನನಗೆ ಬೇರೆ ಯಾವ ನೆನಪೂ ಮೊದಲಿಗೆ ಬರಲಿಲ್ಲ.

ಆಗ ಕೊಪ್ಪಳ ಇನ್ನೂ ಜಿಲ್ಲೆಯಾಗಿರಲಿಲ್ಲ. ರಾಯಚೂರು ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಫ್ರಾಯ್ಡ್‌ನ ಹೆಸರು ನಮ್ಮ ಪಠ್ಯದಲ್ಲಿ ಒಂದು ಪ್ಯಾರಾದಷ್ಟು ಮಾತ್ರ ಬರುತ್ತಿತ್ತು. ಗುರುಗಳು ಮಾತ್ರ ಧಾರವಾಡಕ್ಕೆ ಹೋದಾಗಲೆಲ್ಲ ಪುಸ್ತಕ ತಂದು, ಇಂಗ್ಲಿಷಿನಲ್ಲಿ ಓದಿ, ನಮಗೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಅವರು ಆರಂಭಿಸಿದ್ದು ಶೇಕ್ಸ್‌ಪಿಯರನ ಹ್ಯಾಮ್ಲೆಟ್‌ನಿಂದ. 1900ರ ಇಸವಿ ಹೊತ್ತು ಪ್ರಕಟವಾದ ಕನಸುಗಳ ವ್ಯಾಖ್ಯಾನದ ಗ್ರಂಥದಲ್ಲಿ ಫ್ರಾಯ್ಡ್, ತಿಳಿಯದೆ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದ ಗ್ರೀಕ್ ಕಥೆಯ ಈಡಿಪಸ್‌ನ ಜೊತೆಗೇ ಹ್ಯಾಮ್ಲೆಟ್‌ನನ್ನೂ ಎತ್ತಿಕೊಂಡು, ಈ ರಾಜಕುಮಾರ ಬೇರೆಲ್ಲ ಕೆಲಸಕ್ಕೂ ಸಮರ್ಥನಾಗಿದ್ದು, ತಂದೆಯನ್ನು ಕೊಂದು ತಾಯಿಯ ಪಕ್ಕದಲ್ಲಿ ತಂದೆಯ ಜಾಗಕ್ಕೆ ಬಂದವನ ಮೇಲೆ ಸೇಡು ತೀರಿಸಿಕೊಳ್ಳುವಾಗ ಮಾತ್ರ ಏಕೆ ತಡೆಯುತ್ತಾನೆಂದು ಕೇಳಿದ್ದ. ತನ್ನದೇ ಬಾಲ್ಯದ ಅದುಮಿಟ್ಟ ಬಯಕೆಯನ್ನು ಆ ಮನುಷ್ಯ ನಡೆಸಿ ತೋರಿಸಿದ್ದಾನೆ, ಆದ್ದರಿಂದ ಅವನನ್ನು ಶಿಕ್ಷಿಸುವ ಕೈ ತನ್ನನ್ನೂ ಶಿಕ್ಷಿಸಬೇಕಾಗುತ್ತದೆ ಎಂಬುದು ಫ್ರಾಯ್ಡ್ ಕೊಟ್ಟ ಉತ್ತರ. ಅದನ್ನು ಅವನ ಶಿಷ್ಯ ಅರ್ನೆಸ್ಟ್ ಜೋನ್ಸ್ 1910ರಲ್ಲಿ ಪ್ರಬಂಧವಾಗಿ, 1949ರಲ್ಲಿ ಪುಸ್ತಕವಾಗಿ ಬೆಳೆಸಿದ. ಗುರುಗಳಿಗೆ ಉತ್ತರಕ್ಕಿಂತ ಪ್ರಶ್ನೆಯ ಮೇಲೆ ಹೆಚ್ಚು ಪ್ರೀತಿ ಇತ್ತು. ಎತ್ತಿದ ಕೈ ಎಲ್ಲಿ ತಡೆಯುತ್ತದೋ ಅಲ್ಲಿ ನಿಂತು ನೋಡಬೇಕು, ಮುಂದಿನ ಮಾತು ಆಮೇಲೆ ಎನ್ನುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ನಮ್ಮ ಆರೇಳು ಜನರನ್ನು ಅವರು ಪಾಲ್ಕಿಗುಂಡಿಗೆ ಕರೆದುಕೊಂಡು ಹೋದರು. ಎರಡು ಹೆಬ್ಬಂಡೆಗಳ ಮೇಲೆ ಚಪ್ಪರ ಹೊದಿಸಿದಂತೆ ಇನ್ನೊಂದು ಬಂಡೆ ಕೂತಿರುವ ಆ ಬೆಟ್ಟದಲ್ಲಿ ಅಶೋಕನ ಶಾಸನವಿರುವುದು ಊರಿನವರಿಗೆಲ್ಲ ಗೊತ್ತು. ಅಲ್ಲಿಯೇ ಬಂಡೆಯ ಮೇಲೆ 'ವರಾಂಗಚರಿತ'ದ ಕವಿ ಜಟಾಸಿಂಹನಂದಿಯ ಪಾದಗಳನ್ನು ಕೊರೆದಿದ್ದಾರೆ. ಚಾವಯ್ಯನೆಂಬವನು ಮಾಡಿಸಿದನೆಂದು ಪಕ್ಕದಲ್ಲಿ ಹಳೆಯ ಅಕ್ಷರಗಳಲ್ಲಿದೆ. 'ಕವಿರಾಜಮಾರ್ಗ' ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಮಹಾಕೊಪಣ ನಗರ, ಜೈನರಿಗೆ ಮಹಾತೀರ್ಥವಾಗಿದ್ದ ಕೊಪಣ ಇದೇ ತಾನೆ. ರಾತ್ರಿ ಮಳೆ ಹನಿದಿದ್ದರಿಂದ ಆ ಪಾದಗಳ ತಗ್ಗಿನಲ್ಲಿ ಒಂದು ಬೆರಳು ಅದ್ದುವಷ್ಟು ನೀರು ನಿಂತಿತ್ತು. ಅದರ ಪಕ್ಕದಲ್ಲಿ ಟವೆಲ್ ಹಾಸಿ ಕೂತು ಗುರುಗಳು ನಮಗೆ 'ಗ್ರಾದೀವಾ' ಕಥೆ ಹೇಳಿದರು.

ಜರ್ಮನ್ ಲೇಖಕ ವಿಲ್‌ಹೆಲ್ಮ್ ಯೆನ್‌ಸೆನ್ 1903ರಲ್ಲಿ ಪ್ರಕಟಿಸಿದ ಕಿರುಕಾದಂಬರಿ ಅದು. ನಾರ್ಬರ್ಟ್ ಹಾನೊಲ್ಡ್ ಎಂಬ ಪುರಾತತ್ವಜ್ಞ, ನಡೆಯುತ್ತಿರುವ ಹೆಣ್ಣೊಬ್ಬಳ ಹಳೆಯ ಉಬ್ಬುಶಿಲ್ಪವನ್ನು ನೋಡಿ, ನೆಲದ ಮೇಲೆ ಬೆರಳು ತುದಿ ಮಾತ್ರ ತಾಗುವಂತೆ ನೆಟ್ಟಗೆ ಎತ್ತಿದ ಆಕೆಯ ಹಿಂಗಾಲಿಗೆ ಮರುಳಾಗುತ್ತಾನೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಬೂದಿ ಸುರಿದ ದಿನ ಪಾಂಪೆ ನಗರದಲ್ಲಿ ಅವಳನ್ನು ಕಂಡಂತೆ ಅವನಿಗೆ ಕನಸಾಗುತ್ತದೆ; ಅವಳನ್ನು ಹುಡುಕಿಕೊಂಡು ಪಾಂಪೆಗೆ ಹೋಗುತ್ತಾನೆ; ಅಲ್ಲಿ ಎದುರಾಗುವ ಹೆಣ್ಣು ಬಹುಕಾಲದ ಹಿಂದೆ ಸತ್ತವಳಲ್ಲ, ಅವನದೇ ಊರಿನ, ಅವನು ಪೂರ್ತಿ ಮರೆತುಬಿಟ್ಟಿದ್ದ ಬಾಲ್ಯದ ಗೆಳತಿ ಜೋಯಿ. 1907ರಲ್ಲಿ ಫ್ರಾಯ್ಡ್ ಈ ಕೃತಿಯ ಮೇಲೆ ಒಂದು ಪುಸ್ತಕವನ್ನೇ ಬರೆದ. ಯಾರೂ ಕಾಣದ, ಕತೆಗಾರ ಕಟ್ಟಿದ ಕನಸಿಗೂ ಅರ್ಥವಿದೆಯೇ ಎಂಬುದು ಅವನು ಎತ್ತಿಕೊಂಡ ಪ್ರಶ್ನೆ. ಇದೆ ಎಂದು ಅವನು ತೋರಿಸಿದ. ಪಾಂಪೆಯನ್ನು ಮುಚ್ಚಿದ ಬೂದಿಯೇ ಪಾಂಪೆಯನ್ನು ಉಳಿಸಿಯೂ ಕೊಟ್ಟಿತಲ್ಲ, ಮನಸ್ಸು ತನ್ನ ನೆನಪನ್ನು ಹೂಳುವ ರೀತಿಯೂ ಅದೇ ಎಂದ. ಆ ಶಿಲ್ಪದ ಪ್ರತಿಯೊಂದನ್ನು ತಂದು ತನ್ನ ಕೋಣೆಯ ಗೋಡೆಗೂ ತೂಗುಹಾಕಿಕೊಂಡ.

ಕಥೆ ಮುಗಿಸಿ ಗುರುಗಳು ಚೀಲದಿಂದ 'ಯಶೋಧರ ಚರಿತೆ' ತೆಗೆದರು. "ಈಗ ನಮ್ಮ ರಾಜನ ಕನಸು ನೋಡೋಣು" ಎಂದರು. 1209ರಲ್ಲಿ ಬರೆದ ಈ ಕಾವ್ಯದಲ್ಲಿ ಯಶೋಧರ ತನ್ನ ಹೆಂಡತಿಯನ್ನು ರಾತ್ರಿ ಹಿಂಬಾಲಿಸಿ ಹೋಗಿ ಎಲ್ಲವನ್ನೂ ಕಣ್ಣಾರೆ ಕಾಣುತ್ತಾನೆ. ಆದರೆ ತಾಯಿ ಚಂದ್ರಮತಿ ನಿನ್ನ ಮುಖವೇಕೆ ಹೀಗಾಗಿದೆ ಎಂದಾಗ ಕಂಡದ್ದನ್ನು ಹೇಳಲಾರದೆ, ಕೆಟ್ಟ ಕನಸು ಕಂಡೆನೆಂದು ಹೇಳುತ್ತಾನೆ. ಫ್ರಾಯ್ಡ್‌ನ ಕನಸಿನಲ್ಲಿ ಹೇಳಬಾರದ ಬಯಕೆ ವೇಷ ಹಾಕಿಕೊಂಡು ಬರುತ್ತದೆ. ಇಲ್ಲಿ ಎಚ್ಚರದಲ್ಲಿ ಕಂಡ ಸತ್ಯವೇ ಕನಸಿನ ವೇಷ ಹಾಕಿಕೊಂಡು ತಾಯಿಯ ಮುಂದೆ ನಿಲ್ಲುತ್ತದೆ. ಅದು ಸುಳ್ಳು ಕನಸು. ತಾಯಿ ಅದನ್ನು ನಿಜವಾದ ಕನಸೆಂದೇ ನಂಬಿ ಚಂಡಮಾರಿಗೆ ಬಲಿ ಕೊಡಬೇಕೆನ್ನುತ್ತಾಳೆ. ಮುಂದಿನ ದುರಂತವೆಲ್ಲ ಆ ಒಂದು ಸುಳ್ಳು ಕನಸಿನಿಂದ ಬೆಳೆಯುತ್ತದೆ. ಹೆಂಡತಿಯಿಂದ ನೊಂದ ಮಗ ತಾಯಿಯ ಬಳಿಗೇ ಏಕೆ ಹೋದ, ಹೋದವನು ತಾಯಿಗೇ ಏಕೆ ಹೇಳಲಾರದಾದ ಎಂದು ಗುರುಗಳು ಕೇಳಿದಾಗ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಅಮೃತಮತಿಯಿಕ್ಕಿದ ಒಂದೇ ವಿಷದಿಂದ ಸತ್ತ ಆ ತಾಯಿಮಕ್ಕಳು ಮುಂದಿನ ಜನ್ಮದಲ್ಲಿ ನವಿಲೂ ನಾಯಿಯೂ ಆಗಿ, ಜನ್ಮಜನ್ಮಕ್ಕೂ ಜೊತೆಜೊತೆಯಾಗಿಯೇ ಹುಟ್ಟುತ್ತ, ಕೊನೆಗೆ ಕೋಳಿಗಳಾಗಿ, ಆಮೇಲೆ ಅಭಯರುಚಿ-ಅಭಯಮತಿ ಎಂಬ ಅವಳಿ ಅಣ್ಣತಂಗಿಯರಾಗಿ ಹುಟ್ಟುವುದನ್ನು ನಾನು ಅಲ್ಲಿಯವರೆಗೆ ಕರ್ಮದ ಲೆಕ್ಕವೆಂದು ಮಾತ್ರ ಓದಿದ್ದೆ. ಅಷ್ಟು ಬಿಗಿಯಾದ ಗಂಟು ಗಂಡಹೆಂಡಿರ ನಡುವೆ ಈ ಕಾವ್ಯದಲ್ಲಿ ಎಲ್ಲಿಯೂ ಇಲ್ಲ.

ಕತ್ತಿಯ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಮತ್ತೆ ಎರಡು ತಿಂಗಳ ನಂತರ. ರಾತ್ರಿ ಆ ಇಬ್ಬರ ಮೇಲೆ ಕತ್ತಿ ಎತ್ತಿದ ರಾಜ ಹೊಡೆಯದೆ ತಡೆದುಕೊಂಡು ಬರುತ್ತಾನೆ. ಬೆಳಗಾದ ಮೇಲೆ ಸರಸದ ನೆಪದಲ್ಲಿ ರಾಣಿಯನ್ನು ಹೂವಿನಿಂದ ಹೊಡೆಯುತ್ತಾನೆ; ಅವಳು ಮೂರ್ಛೆ ಹೋಗುತ್ತಾಳೆ. ಆಮೇಲೆ ತಾಯಿಯ ಒತ್ತಾಯಕ್ಕೆ ಜೀವಬಲಿ ಒಲ್ಲೆನೆಂದು, ಹಿಟ್ಟಿನ ಕೋಳಿಯನ್ನು ಮಾಡಿಸಿ ಅದನ್ನು ಕಡಿಯುತ್ತಾನೆ. ಮೂರನ್ನೂ ಬೇರೆ ಬೇರೆ ಪ್ರಸಂಗಗಳೆಂದು ಓದಿದ್ದ ನನಗೆ ಒಂದು ದಿನ ಗವಿಮಠದ ಮೆಟ್ಟಿಲ ಮೇಲೆ ಕೂತಿರುವಾಗ ಥಟ್ಟನೆ ಹೊಳೆಯಿತು, ಬಿದ್ದದ್ದು ಒಂದೇ ಏಟು. ರಾತ್ರಿ ಬೀಳದೆ ಉಳಿದ ಆ ಏಟು ಕತ್ತಿಯಿಂದ ಹೂವಿಗೆ, ಹೂವಿನಿಂದ ಹಿಟ್ಟಿಗೆ ಜಾಗ ಬದಲಿಸುತ್ತ ಬಂದು, ಕೊನೆಗೆ ಯಾರಿಗೂ ನೋವಾಗದೆಂದು ಅವನು ನಂಬಿದ ವಸ್ತುವಿನ ಮೇಲೆ ಬಿತ್ತು. ಸ್ಥಾನಪಲ್ಲಟವೆಂದು ಮನೋವಿಶ್ಲೇಷಣೆ ಯಾವುದನ್ನು ಕರೆಯುತ್ತದೋ ಅದನ್ನು ಜನ್ನ ಆ ಹೆಸರಿಲ್ಲದೆಯೇ ಹೆಜ್ಜೆ ಹೆಜ್ಜೆಯಾಗಿ ನಡೆಸಿ ತೋರಿಸಿದ್ದ. ನಾನು ಅಮೃತಮತಿಯ ರೋಗ ಹುಡುಕುತ್ತ ಕೂತದ್ದರಿಂದ ಕಣ್ಣ ಮುಂದೆ ನಡೆದ ಇದು ನನಗೆ ಕಂಡಿರಲಿಲ್ಲ.

ಓಡಿಹೋಗಿ ಗುರುಗಳಿಗೆ ಹೇಳಿದೆ. ಅವರು ನಕ್ಕು, "ಕೋಳಿ ಕೂಗಿತಲ್ಲ, ಅದ್ಯಾಕ?" ಎಂದರು. ಕಾವ್ಯದಲ್ಲಿ ಆ ಹಿಟ್ಟಿನ ಕೋಳಿಗೆ ಬಳಿದ ಬಣ್ಣ ಎಷ್ಟು ಸೊಗಸಾಗಿತ್ತೆಂದರೆ ಬೆಂತರವೊಂದು, ಅಂದರೆ ಒಂದು ಭೂತ, ಬಂದು ಅದರೊಳಗೆ ಸೇರಿಕೊಂಡಿತ್ತು. ಕಡಿದಾಗ ಅದು ಕೂಗಿತು. ನಾನು ಸುಮ್ಮನೆ ನಿಂತೆ. "ನೀ ಕಿನ್ನಾಳದಾವ ಅಲ್ಲೇನು? ನಿಮ್ಮಲ್ಲಿ ಗೊಂಬಿಗೆ ಕಣ್ಣು ಯಾವಾಗ ಬರೀತಾರ?" ಎಂದು ಕೇಳಿದರು. ನಮ್ಮ ಮನೆಯಲ್ಲಿ ಕಣ್ಣು ಕಡೆಗೆ. ಹುಣಸೆ ಬೀಜದ ಅಂಟು ಕಲಸಿ, ಹಗುರವಾದ ಕಟ್ಟಿಗೆಯ ಮೇಲೆ ಮೆತ್ತಿ, ಒಣಗಿಸಿ, ಬಿಳಿ ಬಳಿದು, ಬಣ್ಣ ತುಂಬಿ, ಎಲ್ಲ ಮುಗಿದ ಮೇಲೆ ತಾತ ಗರುಡನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅಳಿಲಿನ ಬಾಲದ ಕೂದಲಿನ ಕುಂಚ ಹಿಡಿದು, ಉಸಿರು ಬಿಗಿಹಿಡಿದು ಕಣ್ಣಿನ ಕರಿಬೊಟ್ಟು ಇಡುತ್ತಿದ್ದ. ಆ ಹೊತ್ತಿನಲ್ಲಿ ನಾವು ಮಕ್ಕಳು ಮಾತಾಡಿದರೆ ಅವ್ವ ಗದರುತ್ತಿದ್ದಳು. ಬೊಟ್ಟು ಇಟ್ಟ ಮೇಲೆ ಅದು ನೆಲದ ಮೇಲೆ ಎಸೆಯುವ ಕಟ್ಟಿಗೆಯಲ್ಲ. ಅದನ್ನು ಹೇಳಿದಾಗ ಗುರುಗಳು ಬಹಳ ಹೊತ್ತು ಸುಮ್ಮನಿದ್ದು, ಜೈನರು ಕೈಯಾರೆ ಮಾಡುವ ದ್ರವ್ಯಹಿಂಸೆ, ಮನಸ್ಸಿನಲ್ಲಿ ಮಾಡುವ ಭಾವಹಿಂಸೆ ಎಂದು ಎರಡನ್ನು ಹೇಳುತ್ತಾರೆ, ಕೊಲ್ಲುವೆನೆಂಬ ಭಾವವೇ ಕೊಲೆಯ ಪಾಪವನ್ನು ತರುತ್ತದೆ ಎಂದರು. 1913ರ ಟೋಟೆಮ್ (ಕುಲಚಿಹ್ನೆ) ಮತ್ತು ನಿಷೇಧಗಳ ಪುಸ್ತಕದಲ್ಲಿ ಫ್ರಾಯ್ಡ್ ಹೇಳುವುದೂ ಇದಕ್ಕೆ ಹತ್ತಿರದ್ದೇ: ಬಯಸಿದ್ದಕ್ಕೂ ಮಾಡಿದ್ದಕ್ಕೂ ಅಂತರಾಳ ಭೇದವೆಣಿಸುವುದಿಲ್ಲ, ಆದ್ದರಿಂದಲೇ ಏನೂ ಮಾಡದವನೂ ಅಪರಾಧಿಯಂತೆ ನರಳುತ್ತಾನೆ. ಆದರೆ ಹತ್ತಿರದ್ದೆಂದರೆ ಒಂದೇ ಅಲ್ಲ ಎಂಬುದನ್ನು ಗುರುಗಳು ಒತ್ತಿ ಹೇಳಿದರು. ಫ್ರಾಯ್ಡ್‌ಗೆ ಅದು ನರಳಿಕೆಯ ಕಾರಣ. ಜನ್ನನಿಗೆ ಜನ್ಮಾಂತರದ ಕಾರಣ. ಕಾವ್ಯಕ್ಕೆ ಮನಸ್ಸಿನ ಬಗ್ಗೆ ತನ್ನದೇ ಆದ ಶಾಸ್ತ್ರವಿರುವಾಗ, ಹೊರಗಿನಿಂದ ಬಂದ ಶಾಸ್ತ್ರ ಬೀಗರಂತೆ ಪಡಸಾಲೆಯಲ್ಲಿ ಕೂತು ಮಾತಾಡಬೇಕು, ಅಡಿಗೆಮನೆಗೆ ನುಗ್ಗಬಾರದು ಎಂಬುದು ಅವರ ನಿಲುವು. ನಾನು ಈಗಲೂ ಅದನ್ನೇ ನಂಬಿದ್ದೇನೆ.

ಈ ಎಚ್ಚರ ಈಡಿಪಸ್‌ನ ವಿಷಯದಲ್ಲಿ ಇನ್ನೂ ಹೆಚ್ಚು ಬೇಕೆಂದು ತೋರಿಸಿದವರು ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್. ತನ್ನ ಮಗನನ್ನೇ ಮದುವೆಯಾಗುವಳೆಂದು ಹಣೆಬರಹವಿದ್ದ ಹೆಣ್ಣಿನ ಕನ್ನಡ ಜನಪದ ಕಥೆಯೊಂದನ್ನು ಅವರು ಸಂಗ್ರಹಿಸಿದ್ದರು. ಹಣೆಬರಹ ತಪ್ಪಿಸಿಕೊಳ್ಳಲು ಕಾಡಿಗೆ ಹೋದರೂ ಅದು ನಡೆದೇ ತೀರುತ್ತದೆ. ಹೊಳೆಗೆ ಬಿಟ್ಟ ಕೂಸು ಬೆಳೆದು ಬಂದು ಅವಳನ್ನೇ ಮದುವೆಯಾಗುತ್ತದೆ. ನಿಜ ತಿಳಿದ ಮೇಲೆ ಅವಳು ತನ್ನ ತೊಟ್ಟಿಲ ಕೂಸನ್ನು ಮಗನೇ, ಮೊಮ್ಮಗನೇ, ಗಂಡನ ತಮ್ಮನೇ ಎಂದು ಕರೆದು ಜೋಗುಳ ಹಾಡಿ ಪ್ರಾಣ ಬಿಡುತ್ತಾಳೆ. ಗ್ರೀಕರು ಮಗನ ಕಡೆಯಿಂದ ಹೇಳಿದ ಕಥೆಯನ್ನು ನಮ್ಮ ಹೆಣ್ಣುಮಕ್ಕಳು ತಾಯಿಯ ಕಡೆಯಿಂದ ಹೇಳಿದರು. ನಮ್ಮ ಪುರಾಣಗಳಲ್ಲಿ ಮಗ ತಂದೆಯನ್ನು ಕೊಲ್ಲುವುದಕ್ಕಿಂತ ತಂದೆ ಮಗನ ಹರೆಯವನ್ನು ಪಡೆದುಕೊಳ್ಳುವುದು ಹೆಚ್ಚೆಂದು, ಯಯಾತಿ-ಪುರುವನ್ನು, ಶಂತನು-ಭೀಷ್ಮರನ್ನು ರಾಮಾನುಜನ್ ಮುಂದಿಟ್ಟರು. ಫ್ರಾಯ್ಡ್ ಬದುಕಿದ್ದಾಗಲೇ ಈ ಬಗೆಯ ಮಾತು ನಮ್ಮ ದೇಶದಲ್ಲಿ ಶುರುವಾಗಿತ್ತು. 1922ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದ ಗಿರೀಂದ್ರಶೇಖರ ಬೋಸ್ ಫ್ರಾಯ್ಡ್‌ಗೆ ಪತ್ರ ಬರೆದು ತಮ್ಮ ಭಿನ್ನಾಭಿಪ್ರಾಯಗಳನ್ನು ನೇರವಾಗಿ ತಿಳಿಸಿದ್ದರು. ಸ್ವತಃ ಫ್ರಾಯ್ಡ್ ಕೂಡ 1928ರಲ್ಲಿ ರಷ್ಯದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿಯನ್ನು ಕುರಿತು ಬರೆಯುವಾಗ, ಸೃಷ್ಟಿಶೀಲ ಕಲಾವಿದನ ಎದುರಿಗೆ ಮನೋವಿಶ್ಲೇಷಣೆ ಶಸ್ತ್ರ ಕೆಳಗಿಡಲೇಬೇಕೆಂದು ಒಪ್ಪಿಕೊಂಡಿದ್ದ. ಗುರುಗಳು ಈ ಮಾತು ಹೇಳುವಾಗ ಪುಸ್ತಕವನ್ನು ಮುಚ್ಚಿ ಮೇಜಿನ ಮೇಲಿಡುತ್ತಿದ್ದರು.

1994ರ ಮಾರ್ಚ್‌ನಲ್ಲಿ ಪ್ರಬಂಧವನ್ನು ಹೊಸದಾಗಿ ಬರೆದುಕೊಟ್ಟೆ. ಈ ಸಲ ಆರೇ ಪುಟ. ರೋಗದ ಹೆಸರು ಒಂದೂ ಇರಲಿಲ್ಲ. 'ಮನಸಿಜನ ಮಾಯೆ ವಿಧಿವಿಳಸನದ ನೆರಂಬಡೆಯೆ ಕೊಂದು ಕೂಗದೆ ನರರಂ' (ಕಾಮನ ಮಾಯೆಗೆ ವಿಧಿಯಾಟದ ನೆರವು ಸಿಕ್ಕರೆ ಅದು ಮನುಷ್ಯರನ್ನು ಕೊಂದು ಕೂಗದೆ ಇದ್ದೀತೆ) ಎಂಬ, ಎಲ್ಲರ ಬಾಯಲ್ಲಿರುವ ಸಾಲಿನ 'ಕೂಗದೆ' ಎಂಬ ಮಾತಿಗೂ ಹಿಟ್ಟಿನ ಕೋಳಿಯ ಕೂಗಿಗೂ ಸಂಬಂಧವಿದೆಯೆಂದು ಅದರಲ್ಲಿ ಬರೆದಿದ್ದೆ. ಕೊಂದದ್ದು ರಾಜನ ಕೈ, ಕೂಗಿದ್ದು ಮನಸಿಜನ ಮಾಯೆ. ರಾಜ ಯಾವುದನ್ನು ಬಾಯಿಬಿಟ್ಟು ಹೇಳಲಾರದೆ ಸುಳ್ಳು ಕನಸಾಗಿ ಮಾಡಿದ್ದನೋ ಅದನ್ನು ಹಿಟ್ಟು ಎಲ್ಲರ ಎದುರಿಗೆ ಕೂಗಿ ಹೇಳಿತು. ಈ ಓದನ್ನು ಒಪ್ಪದವರಿದ್ದಾರೆ. ನನಗೆ ಅದು ಕಾವ್ಯದೊಳಗಿನ ಮಾತೆಂದೇ ಇಂದಿಗೂ ಅನ್ನಿಸುತ್ತದೆ.

ಗುರುಗಳು ಈ ಸಲ ಅಂಕ ಹಾಕಿದ್ದರು. ಕೊನೆಯ ಪುಟದ ಕೆಳಗೆ ಅದೇ ಪೆನ್ಸಿಲಿನಲ್ಲಿ ಇನ್ನೊಂದು ಪ್ರಶ್ನೆಯನ್ನೂ ಬರೆದಿದ್ದರು: 'ಕತ್ತಿಯ ಹಿಂದೆ ಹೋದದ್ದು ಸರಿ. ಅಮೃತಮತಿ ಆ ರಾತ್ರಿ ಕೇಳಿದ ಹಾಡು ಯಾವುದು?' ಆ ಹಾಡಿನ ಮಾತುಗಳನ್ನು ಜನ್ನ ನಮಗೆ ಕೊಟ್ಟಿಲ್ಲ. ಅವಳು ಕೇಳಿದಳೆಂದು ಮಾತ್ರ ಹೇಳುತ್ತಾನೆ. ಕೇಳಿದ ಮೇಲೆ ಅವಳಿಗೆ ರೂಪ ಬೇಡವಾಯಿತು, ಅರಮನೆ ಬೇಡವಾಯಿತು. ಗುರುಗಳು ತೀರಿಕೊಂಡು ಹತ್ತು ವರ್ಷಗಳ ಮೇಲಾಯಿತು. ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನಾನು ಆ ಭಾಗಕ್ಕೆ ಬಂದಾಗಲೆಲ್ಲ ಪುಸ್ತಕವನ್ನು ಸ್ವಲ್ಪ ಹೊತ್ತು ತೆರೆದೇ ಇಟ್ಟು, ಮಕ್ಕಳಿಗೆ ಆ ಪ್ರಶ್ನೆಯನ್ನು ಅವರ ಮಾತಿನಲ್ಲಿಯೇ ಕೇಳುತ್ತೇನೆ.