ವಿಜಾಪುರದ ಮೂಸ್ ಬೆಳಗಾವಿ ಮಳ್ಯಾಗ ನಡೀಲಿಲ್ಲ

ಮೊನ್ನಿ ನಮ್ಮ ವೈನಿ ವಿಜಾಪುರದಿಂದ ಫೋನ್ ಮಾಡಿ "ಏ, ನೀ ಕೂದ್ಲಕ್ಕ ಹಚ್ಕೋತೀಯಲ್ಲ ಆ ನೊರಿ, ಅದರ ಹೆಸರ ಕಳಸ, ನಾನೂ ತರಸ್ತೀನಿ" ಅಂದ್ರು. ನಾ ಹೆಸರ ಕಳಸಲಿಲ್ಲ. "ವೈನಿ, ಇಲ್ಲಿದು ಅಲ್ಲಿ ನಡ್ಯಾಂಗಿಲ್ರಿ, ಎಲ್ಲಾ ಬರ್ದು ಕಳಸ್ತೀನಿ ತಡ್ರಿ" ಅಂದೆ. ಬರ್ಯಾಕ ಕುಂತ್ರ ಇಷ್ಟುದ್ದ ಆತು, ಹಂಗಾಗಿ ಇಲ್ಲೇ ಹಾಕಾಕತ್ತೀನಿ, ಗುಂಗುರ ಕೂದ್ಲ ಇರೋ ಬ್ಯಾರೇದವ್ರಿಗೂ ಆಗ್ಲಿ.

ವಿಜಾಪುರದಾಗ ಇದ್ದಾಗ ನನ್ನ ಕಡೆ ಒಂದ್ ಮೂಸ್ ಇತ್ತು, ಅಂದ್ರ ವೈನಿ ಕೇಳಿದ್ರಲ್ಲ, ಸುರುಳಿ ಕೆದರದಂಗ ಹಿಡಿಯೋ ಆ ನೊರಿ, ಛಲೋನೇ ಇತ್ತು. ಕೆಲಸಕ್ಕಂತ ಬೆಳಗಾವಿಗೆ ಬಂದು ಟಿಳಕವಾಡ್ಯಾಗ ರೂಮ್ ಮಾಡಿದ ಮೊದಲ್ನೇ ಜುಲೈ, ಮುಂಜಾನೆ ಅದನ್ನ ಹಚ್ಕೊಂಡು, ಸುರುಳಿ ಎಲ್ಲಾ ಛಂದ ಕುಂತಾವು ಅಂತ ಖುಷಿಲೆ ಹೊರಗ ಬಿದ್ರ ಜಿಟಿಜಿಟಿ ಮಳಿ, ಬಸ್ ಸ್ಟಾಪ್ ಮುಟ್ಟೋದ್ರಾಗ ನೆತ್ತಿ ಮ್ಯಾಲಿನ ಕೂದ್ಲ ಹತ್ತಿ ಹಿಂಜಿದಂಗ ಎದ್ದಿದ್ವು, ಮುಟ್ಟಿದ್ರ ಬೆಲ್ಲ ಹಿಡದ ಕೈಯಂಗ ಅಂಟಂಟ. ನಾಕ್ ದಿನ ಹಿಂಗ ಆತು. ಒಂದ್ ಪಾರ್ಲರ್‌ಗೆ ಹೋಗಿ ಕೇಳಿದ್ರ "ಸ್ಟ್ರೇಟ್ನಿಂಗ್ ಮಾಡಸ್ಬಿಡ್ರಿ, ಕಿರಿಕಿರಿ ಮುಗೀತೈತಿ" ಅಂದ್ರು. ಭಾಳ ಕೆಟ್ ಅನಸ್ತು. ಕಿರಿಕಿರಿ ನನ್ನ ಕೂದ್ಲದ್ದಲ್ಲ, ಆ ಡಬ್ಬ್ಯಾಗ ಇದ್ದದ್ದರದ್ದು.

ಅವತ್ತ ರಾತ್ರಿ ಡಬ್ಬಿ ಹಿಂದ ಬರದಿದ್ದು ಪೂರ್ತಿ ಓದಿದೆ. ಮೂಸ್ ಅಂದ್ರ ನೀರು, ನೊರಿ ಬರಸೋ ಸಾಮಾನು, ಮತ್ತ ಪಾಲಿಮರ್. ಈ ಪಾಲಿಮರ್ ಒಣಗಿದಾಗ ಕೂದ್ಲದ ಮ್ಯಾಲ ತೆಳ್ಳಗ ಪದರ ಆಗಿ ಸುರುಳಿ ಹಿಡ್ಕೊಂಡು ಕುಂಡ್ರತೈತಿ, ಅಷ್ಟ ಅದರ ಕೆಲಸ. ನನ್ನ ಹಳೇ ಡಬ್ಬ್ಯಾಗ ಇದ್ದದ್ದು ಪಿವಿಪಿ ಅನ್ನೋ ಪಾಲಿಮರ್. ಅದು ಗಾಳ್ಯಾಗಿನ ಪಸಿ ಎಳಕೊಂಡು ಮೆತ್ತಗಾಗಿ ಅಂಟಾಕ ಚಾಲೂ ಮಾಡ್ತೈತಿ, ವಿಜಾಪುರದ ಒಣ ಹವಾದಾಗ ಆ ಗುಣ ಗೊತ್ತೇ ಆಗಿರಲಿಲ್ಲ. ಅದಕ್ಕ ಇಲ್ಲಿ ಮಳಿಗಾಲಕ್ಕ ನಾನು ವಿಪಿ/ವಿಎ ಕೋಪಾಲಿಮರ್ ಅಂತ ಬರದಿದ್ದು ನೋಡಿ ತೊಗೋತೀನಿ, ಅದು ಇನ್ನೊಂದ್ ಜಾತಿ ಪಾಲಿಮರ್, ಪಿವಿಪಿಗಿಂತ ಕಡಿಮಿ ನೀರ ಎಳೀತೈತಿ. ಅದರ ಗೂಡ ಪಾಲಿಕ್ವಾಟರ್ನಿಯಮ್ ಅಂತ ಹೆಸರು ಇದ್ರ ಇನ್ನೂ ಛಲೋ, ಅದು ಕೂದ್ಲಕ್ಕ ಹತ್ತಿ ನುಣ್ಣಗ ಮಾಡ್ತೈತಿ.

ಗ್ಲಿಸರಿನ್ ಲಿಸ್ಟಿನ್ಯಾಗ ಎಷ್ಟನೇದು ಅಂತನೂ ನೋಡ್ರಿ, ಜಾಸ್ತಿ ಹಾಕಿದ್ದು ಮೊದ್ಲ ಬರದಿರ್ತಾರ. ಗ್ಲಿಸರಿನ್ ನೀರ ಎಳಿಯೋ ವಸ್ತು. ಬೆಳಗಾವಿ ಮಳ್ಯಾಗ ಗಾಳ್ಯಾಗಿಂದು ಎಳದು ಕೂದ್ಲ ಉಬ್ಬಸ್ತೈತಿ, ವಿಜಾಪುರದ ಏಪ್ರಿಲ್ ಬಿಸಲಾಗ ಗಾಳ್ಯಾಗ ನೀರೇ ಇರಾಂಗಿಲ್ಲ, ಆಗ ಕೂದ್ಲದ ಒಳಗಿನ ಪಸೀನ ಹೊರಗ ಎಳೀತೈತಿ. ಎರಡೂ ಊರಾಗ ಕೂದ್ಲ ಕೆದರ್ತೈತಿ, ಕಾರಣ ಮಾತ್ರ ಬ್ಯಾರೆ ಬ್ಯಾರೆ.

ಮತ್ತ ಆಲ್ಕೋಹಾಲ್. ವೈನಿ, ಈ ಶಬ್ದ ಕಂಡ ಕೂಡ್ಲೇ ಡಬ್ಬಿ ಒಗೀಬ್ಯಾಡ್ರಿ. ಸಿಟೈಲ್, ಸ್ಟಿಯರಿಲ್ ಅಂತ ಮುಂದ ಇದ್ರ ಅವು ಜಿಡ್ಡಿನ ಜಾತೀವು, ಕೂದ್ಲ ಮೆತ್ತಗ ಇಡ್ತಾವ. ಆಲ್ಕೋಹಾಲ್ ಡಿನಾಟ್ ಅಂತ ಎರಡನೇ ಮೂರನೇ ಹೆಸರಾಗಿ ಇದ್ರ ವಿಜಾಪುರಕ್ಕ ಬ್ಯಾಡ್ರಿ, ಅದು ಕೂದ್ಲ ಒಣಗಸೋ ಜಾತೀದು. ನಮ್ಮ ಕೂದ್ಲದಾಗ ನೆತ್ತಿ ಎಣ್ಣಿ ಸುರುಳಿ ಸುತ್ತಿ ತುದಿತನ ಇಳ್ಯಾಂಗಿಲ್ಲ, ಮೊದಲೇ ಒಣಾ ಒಣ, ಅದರ ಮ್ಯಾಲ ಇದೊಂದು ಯಾಕ.

ಮನ್ಯಾಗಿನ ಬೋರ್ ನೀರೂ ನೆನಪಿಡ್ರಿ. ನಿಮ್ಮ ಗೀಸರಿನ್ಯಾಗ ಬೆಳ್ಳಗ ಹೊಪ್ಪಳಿ ಕಟ್ಟತೈತಲ್ಲ, ಅದೇ ಕ್ಯಾಲ್ಸಿಯಂ ಕೂದ್ಲಕ್ಕೂ ಹತ್ತತೈತಿ. ಅದು ಹತ್ತಿದ್ ಮ್ಯಾಲ ಎಂಥಾ ತುಟ್ಟಿ ಮೂಸ್ ಹಚ್ಚಿದ್ರೂ ಕೂದ್ಲ ಕಟಗಿಯಂಗ ಇರ್ತೈತಿ. ತಿಂಗಳಿಗೊಮ್ಮಿ ಇಡಿಟಿಎ (ಕ್ಯಾಲ್ಸಿಯಂ ಹಿಡಕೊಳ್ಳೋ ವಸ್ತು) ಇರೋ ಕ್ಲಾರಿಫೈಯಿಂಗ್ ಶಾಂಪೂ, ಅಂದ್ರ ಕೂದ್ಲಕ್ಕ ಹತ್ತಿದ್ದನ್ನ ತೊಳದು ತಗಿಯೋ ಶಾಂಪೂ ಹಾಕ್ರಿ, ಮೂಸ್ ಬದಲ ಮಾಡೋಕಿಂತ ಮೊದ್ಲ ಇದನ್ನ ಮಾಡಿ ನೋಡ್ರಿ.

ಇನ್ನ ಹಚ್ಚೋದು. ಇಲ್ಲೇ ಭಾಳ ಮಂದಿ ತಪ್ತಾರ. ಕೂದ್ಲ ನೀರ ತೊಟ್ಟಿಕ್ಕೋವಾಗ್ಲೇ ಹಚ್ಚಬೇಕು, ಅರ್ಧ ಒಣಗಿದ್ ಮ್ಯಾಲ ಹಚ್ಚಿದ್ರ ಆಗ್ಲೇ ಕೆದರಿದ್ದು ಹಂಗೇ ಗಟ್ಟಿ ಆಗ್ತೈತಿ. ಮೂಸ್ ಗ್ಯಾಸ್ ತುಂಬಿದ ಡಬ್ಬ್ಯಾಗಿಂದು ಇದ್ರ ಛಲೋತಂಗ ಅಲುಗಾಡಿಸಿ ಬುಡಮೇಲಾ ಹಿಡೀರಿ, ನಾ ಮೊದ್ಲ ಸೀದಾ ಹಿಡದು ಹಿಡದು ಗ್ಯಾಸ್ ಎಲ್ಲಾ ಕಳದು ಅರ್ಧ ಡಬ್ಬಿ ಹಾಳ ಮಾಡೀನಿ. ದೊಡ್ಡ ಲಿಂಬಿಹಣ್ಣಿನಷ್ಟು ನೊರಿ ತೊಗೊಂಡು, ಎರಡೂ ಅಂಗೈಗೆ ಸವರಿ, ಕೂದ್ಲದ ತುದಿ ಹಿಡದು ನೆತ್ತಿ ಕಡೆ ಮ್ಯಾಲಕ್ಕೊತ್ತಿ ಮುಷ್ಟಿ ಹಿಂಡಬೇಕು. ಹಿಂಡುವಾಗ ಪಚ್ ಪಚ್ ಅಂತ ಸಪ್ಪಳ ಬರಬೇಕು, ಬರಲಿಲ್ಲ ಅಂದ್ರ ನೀರ ಕಡಿಮಿ ಆಗೈತಿ, ಇನ್ನೊಂದ್ ಸ್ವಲ್ಪ ಚಿಮುಕಸ್ರಿ. ಆಮ್ಯಾಲ ದಪ್ಪ ಟಾವೆಲ್ ಬ್ಯಾಡ, ಅಪ್ಪನ ಹಳೇ ಧೋತರದ ತುಂಡು ತೊಗೊಂಡು ಒತ್ತರಿ, ತಿಕ್ಕಬ್ಯಾಡ್ರಿ. ಪೂರ್ತಿ ಒಣಗೋತನ ಕೈ ಹಚ್ಚೋದೇ ಬ್ಯಾಡ, ನೀರ ಆರಿದಾಗ್ಲೇ ಕೂದ್ಲ ತನ್ನ ಆಕಾರ ಹಿಡಿಯೋದು. ಒಣಗಿದ್ ಮ್ಯಾಲ ಹಪ್ಪಳದಂಗ ಗರಿಗರಿ ಅನಸ್ತೈತಿ, ಗಾಬರಿ ಆಗಬ್ಯಾಡ್ರಿ, ಎರಡ್ ಹನಿ ಕೊಬ್ಬರಿ ಎಣ್ಣಿ ಕೈಗೆ ತಿಕ್ಕೊಂಡು ಮತ್ತೊಮ್ಮಿ ಹಿಂಡಿದ್ರ ಮೆತ್ತಗಾಗ್ತೈತಿ.

ಗ್ಯಾಸಿನ ಡಬ್ಬಿ ಒಲಿ ಹತ್ರ ಇಡಬ್ಯಾಡ್ರಿ, ಒಳಗಿರೋದು ಬ್ಯೂಟೇನ್ ಪ್ರೊಪೇನ್. ಬ್ಯಾಸಗ್ಯಾಗ ಸ್ಕೂಟಿ ಡಿಕ್ಕ್ಯಾಗೂ ಬ್ಯಾಡ. ನಿಮಗ ಪಂಪ್ ಬಾಟಲಿದೇ ಛಲೋ, ಅದರಾಗ ಗ್ಯಾಸೇ ಇರಾಂಗಿಲ್ಲ.

ಕೂಸಿಗೆ ಮಾತ್ರ ಮೂಸ್ ಬ್ಯಾಡ ವೈನಿ. ನಂದೇ ಕೂದ್ಲ ಬಂದೈತಿ ಅದಕ್ಕ, ನಂಗೊತ್ತೈತಿ. ಚಟ್ನಿಗಂತ ಇಟ್ಟ ಅಗಸಿ ಇರ್ತೈತಲ್ಲ, ಎರಡ್ ಚಮಚ ತೊಗೊಂಡು ಒಂದ್ ದೊಡ್ಡ ಗ್ಲಾಸ್ ನೀರಾಗ ಕುದಸ್ರಿ, ಚಮಚ ಎತ್ತಿದ್ರ ಎಳಿ ಎಳಿ ಬರಾಕತ್ತಿದ ಕೂಡ್ಲೇ ಬಿಸಿ ಇದ್ದಾಗ್ಲೇ ಅರಬಿಲೆ ಸೋಸ್ರಿ, ಆರಿದ್ರ ಇಳ್ಯಾಂಗಿಲ್ಲ. ಫ್ರಿಜ್ಜಿನ್ಯಾಗ ಒಂದ್ ವಾರ ಇರ್ತೈತಿ. ಸಾಲಿಗೆ ರಿಬ್ಬನ್ ಕಟ್ಟಿ ಎರಡ್ ಹೆಳ್ಳ ಹಾಕೋದು ಹಾಕ್ರಿ, ಐತವಾರ ಜಳಕ ಮಾಡ್ಸಿ ಇದನ್ನ ಹಚ್ಚಿ, ಹಣಿಗಿ ಎತ್ತಿಟ್ಟು ಹಂಗೇ ಬಿಟ್ ನೋಡ್ರಿ. ಒಣಗಿದ್ ಮ್ಯಾಲ ನಂಗ ಫೋಟೋ ಕಳಸ್ರಿ.