ಎಂಟನೇ ಲೇನ್ ಬಂತು ಅಂತ ಅಳೋನಿಗೆ

ಶುಕ್ರವಾರ ರಾತ್ರಿ ಊಟಕ್ಕೆ ಕೂತಿದ್ದೆ, ಅಕ್ಕನ ಮಗ ಫೋನ್ ಮಾಡ್ದ. ಸೆಕೆಂಡ್ ಪಿಯು ಓದ್ತಿದಾನೆ, ಜಿಲ್ಲಾ ಮಟ್ಟದ 800 ಮೀಟರ್ ಫೈನಲ್‌ಗೆ ಬಂದಿದಾನೆ, ಖುಷಿಯಾಗಿರ್ಬೇಕು ತಾನೆ, ಆದ್ರೆ ದನಿ ಕೇಳಿದ್ರೆ ಸೂತಕದ ಮನೆ ಥರ. "ಮಾಮ, ಎಂಟನೇ ಲೇನ್ ಬಂದಿದೆ, ಎಲ್ಲಾರಿಗಿಂತ ಹೊರಗಡೆ, ಹೋಯ್ತು ಬಿಡು" ಅಂದ. ನಂಗೆ ನಗು ಬಂತು, ಆಮೇಲೆ ಪಾಪ ಅನ್ನಿಸ್ತು, ಯಾಕಂದ್ರೆ ಅವನ ವಯಸ್ಸಲ್ಲಿ ನಂಗೂ ಇದೇ ತಲೆ ಇತ್ತು.

ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೀತೀನಿ. 800ರಲ್ಲಿ ಲೇನ್ ಅನ್ನೋದು ಮೊದಲ ಬೆಂಡ್‌ಗೆ, ಅಂದ್ರೆ ಮೊದಲ ತಿರುವಿಗೆ ಮಾತ್ರ. ಅಳತೆ ಸರಿ ಇರೋ ಟ್ರ್ಯಾಕಲ್ಲಿ ಒಂದು ಬೆಂಡ್ 115.61 ಮೀಟರ್, ಒಂದು ಸ್ಟ್ರೇಟ್ 84.39 ಮೀಟರ್. ಹೊರಗಿನ ಲೇನ್‌ನೋರು ಆ ಒಂದು ಬೆಂಡಲ್ಲಿ ಎಷ್ಟು ಜಾಸ್ತಿ ಓಡ್ಬೇಕೋ ಅಷ್ಟು ಮುಂದಿಂದಾನೇ ಸ್ಟಾರ್ಟ್ ಮಾಡ್ತಾರೆ, ಹಂಗಾಗಿ ಲೆಕ್ಕ ಸಮ. ಬೆಂಡ್ ಮುಗಿದ ಮೇಲೆ ಟ್ರ್ಯಾಕಿಗೆ ಅಡ್ಡ ಬಿಲ್ಲಿನ ಥರ ಒಂದು ಗೆರೆ ಇರತ್ತೆ, ಬ್ರೇಕ್ ಲೈನ್, ಅದನ್ನ ದಾಟಿದ ಮೇಲೆ ಯಾರು ಬೇಕಾದ್ರೂ ಒಳಗೆ ಬರ್ಬಹುದು. ದಾಟೋಕ್ ಮುಂಚೆ ಬಂದ್ರೆ ಕಥೆ ಮುಗೀತು. 1986ರ ಸಿಯೋಲ್ ಏಷ್ಯನ್ ಗೇಮ್ಸಲ್ಲಿ ನಮ್ಮ ಶೈನಿ ಅಬ್ರಹಾಂ 800 ಮೀಟರನ್ನ ಎಲ್ಲಾರಿಗಿಂತ ಮುಂಚೆ ಓಡಿ ಮುಗಿಸಿದ್ರು, ಆದ್ರೆ ಆ ಗೆರೆಗಿಂತ ಮೊದಲೇ ಲೇನ್ ಬಿಟ್ಟಿದ್ರು ಅಂತ ಡಿಸ್‌ಕ್ವಾಲಿಫೈ ಮಾಡ್ಬಿಟ್ರು. ಲಾಸ್ ಏಂಜಲಿಸ್ ಒಲಿಂಪಿಕ್ಸಲ್ಲಿ ಸೆಮಿಫೈನಲ್ ವರೆಗೂ ಹೋಗಿ ಬಂದಿದ್ದೋರು! ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ.

ಗೆರೆ ದಾಟಿದ್ ತಕ್ಷಣ ಎಲ್ಲಾರೂ ಸಕ್ಕರೆ ಕಂಡ ಇರುವೆ ಥರ ಒಳಗೆ ನುಗ್ತಾರೆ, ಅದೂ ಬೇಡ. ಎಂಟನೇ ಲೇನಿಂದ ಒಂದನೇ ಲೇನಿಗೆ ಅಡ್ಡ ಎಂಟೂವರೆ ಮೀಟರ್. ಅದನ್ನ ಹತ್ತು ಹೆಜ್ಜೇಲಿ ದಾಟಿದ್ರೆ ಯಾರದ್ದೋ ಕಾಲಿಗೆ ಸಿಕ್ಕಾಕೊಳ್ತೀಯ. ಅದೇ ಇಡೀ ಬ್ಯಾಕ್ ಸ್ಟ್ರೇಟ್ (ಆ ಬೆಂಡ್ ಆದ್ಮೇಲೆ ಬರೋ ನೇರ ದಾರಿ) ಉದ್ದಕ್ಕೂ ನಿಧಾನಕ್ಕೆ ಓರೆಯಾಗಿ ಬಂದ್ರೆ, ಹೈಸ್ಕೂಲಲ್ಲಿ ಕಲ್ತ ಪೈಥಾಗೊರಸ್ ಹಾಕಿ ನೋಡು, ಜಾಸ್ತಿ ಆಗೋದು ಅರ್ಧ ಮೀಟರೂ ಇಲ್ಲ, ಆ ಅರ್ಧ ಮೀಟರನ್ನೂ ಸ್ಟಾರ್ಟ್ ಲೈನ್ ಹಾಕುವಾಗ್ಲೇ ಲೆಕ್ಕಕ್ಕೆ ತಗೊಂಡಿರ್ತಾರೆ. ಎಂಟನೇ ಲೇನ್‌ನೋನಿಗೆ ಇನ್ನೊಂದು ಲಾಭ ಏನಪ್ಪಾ ಅಂದ್ರೆ ಒಳಗೆ ಬರುವಾಗ ಎಲ್ಲಾರೂ ಅವನ ಎಡಗಡೇನೇ ಇರ್ತಾರೆ, ಯಾರ ಪಕ್ಕ ಸೇರ್ಕೋಬೇಕು ಅಂತ ನೋಡ್ಕೊಂಡು ಬರ್ಬಹುದು. ಒಂದನೇ ಲೇನ್‌ನೋನು ಎಲ್ಲೂ ಹೋಗೋ ಹಾಗಿಲ್ಲ, ಏಳು ಜನ ಬಂದು ಅವನ ಮುಂದೆ, ಪಕ್ಕ ಕೂತ್ಕೊಳ್ತಾರೆ.

ನಂದೇ ಕಥೆ ಹೇಳ್ತೀನಿ. ಡಿಗ್ರಿ ಎರಡನೇ ವರ್ಷ, ಇಂಟರ್ ಕಾಲೇಜ್ ಮೀಟ್, ಮಣ್ಣಿನ ಟ್ರ್ಯಾಕು, ಸುಣ್ಣದ ಪುಡೀಲಿ ಹಾಕಿದ್ದ ಗೆರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಅಳಿಸಿ ಹೋಗಿತ್ತು. ನಮ್ ಪಿ.ಡಿ. ಸರ್ ಒಂದೇ ಮಂತ್ರ ಹೇಳ್ಕೊಟ್ಟಿದ್ರು, ಒಳಗಿನ ಗೆರೆ ಬಿಡ್ಬೇಡ, ಹೊರಗೆ ಹೋದ್ರೆ ದೂರ ಜಾಸ್ತಿ. ಸರಿ ಅಂತ ಗೆರೆಗೆ ಅಂಟ್ಕೊಂಡೇ ಓಡ್ದೆ. ಕೊನೇ ಸುತ್ತಿನ ಬೆಲ್ ಹೊಡೆದಾಗ ಮೂರನೇ ಜಾಗ, ಕಾಲು ಹಗುರವಾಗಿತ್ತು, ಇವತ್ತು ಮೆಡಲ್ ಗ್ಯಾರಂಟಿ ಅನ್ಕೊಂಡೆ. ಅಷ್ಟರಲ್ಲಿ ನನ್ ಮುಂದಿದ್ದೋನು ಸುಸ್ತಾಗಿ ಸ್ಲೋ ಆದ. ಬಲಗಡೆ ಒಬ್ಬ ಭುಜಕ್ಕೆ ಭುಜ ಕೊಟ್ಟು ಓಡ್ತಿದಾನೆ, ಹಿಂದೆ ಒಬ್ಬನ ಸ್ಪೈಕ್ಸು ನನ್ ಹಿಮ್ಮಡಿ ಹತ್ರಾನೇ ಬರ್ತಿದೆ, ಎಡಗಡೆ ಹುಲ್ಲು. ಸಿಲ್ಕ್ ಬೋರ್ಡ್ ಹತ್ರ ಬಿಎಂಟಿಸಿ ಬಸ್ಸಿಗೂ ಡಿವೈಡರ್‌ಗೂ ಮಧ್ಯ ಸಿಕ್ಕಾಕೊಂಡ ಸ್ಕೂಟರ್ ನೋಡಿದೀರಲ್ಲ, ಅದೇ. ಇದಕ್ಕೇ ಬಾಕ್ಸ್ ಆಗೋದು ಅಂತಾರೆ. ಮುಂದಿನೋನು ಎಷ್ಟು ಸ್ಲೋ ಆದ್ನೋ ನಾನೂ ಅಷ್ಟೇ ಸ್ಲೋ ಆದೆ, ಬ್ಯಾಕ್ ಸ್ಟ್ರೇಟಲ್ಲಿ ಮೂರು ಜನ ಸಾಲಾಗಿ ನನ್ನ ದಾಟ್ಕೊಂಡು ಹೋದ್ರು, ಕೊನೇ ನೂರು ಮೀಟರಲ್ಲಿ ದಾರಿ ಸಿಕ್ಕಾಗ ಹುಚ್ಚನ ಥರ ಓಡಿ ಐದನೇ ಪ್ಲೇಸು. ಮುಗಿಸಿದಾಗ ಸರಿಯಾಗಿ ಏದುಸಿರೂ ಬರ್ತಿರ್ಲಿಲ್ಲ ನಂಗೆ, ಇವತ್ತಿಗೂ ಹೊಟ್ಟೆ ಉರಿಯೋದು ಅದಕ್ಕೇ. ಸರ್ ಬಂದು "ನಿಂಗೆ ಕಿಕ್ಕೇ ಇಲ್ಲ ಕಣೋ" ಅಂದ್ರು, ಕಿಕ್ ಅಂದ್ರೆ ಕೊನೇಲಿ ಸ್ಪೀಡ್ ಏರಿಸೋ ತಾಕತ್ತು.

ಹೊರಗೆ ಹೋದ್ರೆ ದೂರ ಜಾಸ್ತಿ, ಅದೇನ್ ಸುಳ್ಳಲ್ಲ. ಆದ್ರೆ ಎಷ್ಟು? ಲೇನ್ ಅಗಲ 1.22 ಮೀಟರ್. ಎರಡನೇ ಲೇನಲ್ಲಿ ಒಂದು ಬೆಂಡ್ ಪೂರ್ತಿ ಓಡಿದ್ರೆ ಸುಮಾರು ಮೂರೂವರೆ ಮೀಟರ್ ಜಾಸ್ತಿ. ನಮ್ಮಂಥೋರ ಸ್ಪೀಡಲ್ಲಿ ಅರ್ಧ ಸೆಕೆಂಡು. ಲೇನ್ ಬಿಟ್ಟ ಮೇಲೆ 800ರಲ್ಲಿ ಉಳಿಯೋದು ಮೂರು ಬೆಂಡು, ಮೂರರಲ್ಲೂ ಹೊರಗೇ ಓಡಿದ್ರೆ ಹತ್ತೂವರೆ ಮೀಟರ್, ಅದು ಪೆದ್ದತನ. 1500ರಲ್ಲಿ ಏಳು ಬೆಂಡು, ಅಲ್ಲಿ ಇನ್ನೂ ದೊಡ್ಡ ಪೆದ್ದತನ. ಆದ್ರೆ ಒಂದೇ ಒಂದು ಬೆಂಡಲ್ಲಿ, ಬೆಲ್ ಆದ್ಮೇಲೆ ಬರೋದ್ರಲ್ಲಿ, ಲೀಡರ್ ಬಲಭುಜದ ಪಕ್ಕ ಇರೋಕೆ ಅರ್ಧ ಸೆಕೆಂಡ್ ಕೊಡೋದು ನನ್ನ ಪ್ರಕಾರ ಬಾಡಿಗೆ ಇದ್ದ ಹಾಗೆ. ಜಾಗ ಬೇಕಂದ್ರೆ ಕೊಡ್ಬೇಕು. ಬಾಕ್ಸಲ್ಲಿ ನಾನು ಕಳ್ಕೊಂಡಿದ್ದು ಎರಡು ಸೆಕೆಂಡಿಗಿಂತ ಕಮ್ಮಿ ಇರ್ಲಿಕ್ಕಿಲ್ಲ.

ಇದನ್ನ ಇನ್ನೂ ಚೆನ್ನಾಗಿ ನೋಡ್ಬೇಕಂದ್ರೆ ನಾರ್ವೆಯ ಯಾಕೋಬ್ ಇಂಗೆಬ್ರಿಟ್ಸನ್ ಸೋತಿರೋ ರೇಸ್‌ಗಳನ್ನ ನೋಡಿ. 2022 ಯೂಜೀನ್ ವರ್ಲ್ಡ್ ಚಾಂಪಿಯನ್‌ಶಿಪ್, 1500 ಮೀಟರ್, ಆತ ಮುಂದೆ, ಕೊನೇ 200 ಮೀಟರ್ ಹತ್ರ ಬ್ರಿಟನ್ನಿನ ಜೇಕ್ ವೈಟ್‌ಮನ್ ಪಕ್ಕದಿಂದ ದಾಟಿ ಬೆಂಡನ್ನ ತಾನೇ ಹಿಡ್ಕೊಂಡ. (ಸ್ಟೇಡಿಯಂ ಮೈಕಲ್ಲಿ ಕಾಮೆಂಟ್ರಿ ಹೇಳ್ತಿದ್ದಿದ್ದು ವೈಟ್‌ಮನ್ ಅಪ್ಪಾನೇ!) ಮುಂದಿನ ವರ್ಷ ಬುಡಾಪೆಸ್ಟಲ್ಲಿ ಬ್ರಿಟನ್ನಿನವನೇ ಜೋಶ್ ಕೆರ್, ಅದೇ ಜಾಗ, ಅದೇ ಪಾಠ. ಬೆಂಡ್ ಶುರು ಆಗೋಕ್ ಮುಂಚೆ ಮುಂದೆ ಬಂದ್ಬಿಟ್ರೆ ಹೊರಗಿನ ದಾರಿ ಸುತ್ತೋ ಕರ್ಮ ಎದುರಾಳೀದು.

2024ರ ಪ್ಯಾರಿಸ್ ಒಲಿಂಪಿಕ್ಸ್ 1500 ಫೈನಲ್‌ನ ನಾನು ಎಷ್ಟ್ ಸಲ ನೋಡಿದೀನೋ ಲೆಕ್ಕ ಇಲ್ಲ. ಇಂಗೆಬ್ರಿಟ್ಸನ್ ಮೊದಲಿಂದಾನೇ ಬೆಂಕಿ ಥರ ಓಡ್ದ. ಎಲ್ಲಾರ ಕಣ್ಣೂ ಕೆರ್ ಮೇಲೆ. ಅಮೆರಿಕದ ಕೋಲ್ ಹಾಕರ್ ಕೊನೇ ಬೆಂಡಲ್ಲಿ ಒಳಗಡೆಯಿಂದ ನುಗ್ಗೋಕೆ ನೋಡ್ದ, ಇಂಗೆಬ್ರಿಟ್ಸನ್ ಬಾಗಿಲು ಹಾಕ್ದ. ಹಾಕರ್ ತಳ್ಳಲಿಲ್ಲ, ಗಾಬರಿ ಬೀಳ್ಲಿಲ್ಲ, ಕಾದ. ಹೋಮ್ ಸ್ಟ್ರೇಟಿಗೆ (ಫಿನಿಷ್ ಇರೋ ನೇರ ದಾರಿಗೆ) ಬಂದಾಗ ಇಂಗೆಬ್ರಿಟ್ಸನ್ ಸ್ವಲ್ಪ ಹೊರಗೆ ಸರಿದ, ಅಷ್ಟೇ ಸಾಕಾಯ್ತು, ಒಳಗಿಂದ ತೂರಿ 3:27.65, ಒಲಿಂಪಿಕ್ ರೆಕಾರ್ಡು. ಕೆರ್ 3:27.79, ಅಮೆರಿಕದ ನುಗೂಸೆ 3:27.80, ಇಂಗೆಬ್ರಿಟ್ಸನ್ ನಾಲ್ಕನೇ ಜಾಗ. ನೋಡಿ, ನನ್ನ ಥಿಯರಿಗೆ ಇದು ಪೂರ್ತಿ ಉಲ್ಟಾ, ಒಳಗಿದ್ದೋನೇ ಗೆದ್ದಿದ್ದು. ಆದ್ರೆ ಸುಸ್ತಾದೋನು ಕೊನೇ ಸ್ಟ್ರೇಟಲ್ಲಿ ಹೊರಗೆ ಜಾರ್ತಾನೆ ಅನ್ನೋದರ ಮೇಲೆ ಒಲಿಂಪಿಕ್ ಫೈನಲ್‌ನ ಪಣಕ್ಕಿಡೋ ಗುಂಡಿಗೆ ನಂಗಂತೂ ಇಲ್ಲ.

ಉಲ್ಟಾ ಇನ್ನೂ ಇದೆ. 1980 ಮಾಸ್ಕೋ 800 ಮೀಟರ್ ಫೈನಲಲ್ಲಿ ಬ್ರಿಟನ್ನಿನ ಸೆಬಾಸ್ಟಿಯನ್ ಕೋ, ಆಗ ವರ್ಲ್ಡ್ ರೆಕಾರ್ಡ್ ಅವನದ್ದೇ, ಹಿಂದೆ ಹೊರಗೆ ಆರಾಮಾಗಿ ಓಡ್ಕೊಂಡಿದ್ದ. ಅವನ ದೇಶದವನೇ ಸ್ಟೀವ್ ಓವೆಟ್ ಒಳಗೆ ಸಿಕ್ಕಾಕೊಂಡಿದ್ದೋನು ಜಗ್ಗಾಡ್ಕೊಂಡು ಹೊರಗೆ ಬಂದು ಗೆದ್ದ. ಬಾಕ್ಸ್ ಆಗ್ಲಿಲ್ಲ ಅಂದ ಮಾತ್ರಕ್ಕೆ ಜಾಗ ಸರಿ ಇದೆ ಅಂತಲ್ಲ, ಕೋ ಇದ್ದ ಜಾಗದಿಂದ ಮುಂದಿನೋರು ಯಾವಾಗ ಹೊರಟ್ರು ಅಂತ ಗೊತ್ತಾಗೋಕೇ ಲೇಟು.

1972 ಮ್ಯೂನಿಕ್ ಒಲಿಂಪಿಕ್ಸ್ 800ರಲ್ಲಿ ಅಮೆರಿಕದ ಡೇವ್ ವಾಟಲ್ ಕಥೆ ಎಲ್ಲಾರೂ ಹೇಳ್ತಾರೆ, ಟೋಪಿ ಹಾಕ್ಕೊಂಡು ಕೊನೇ ಜಾಗದಿಂದ ಬಂದು 0.03 ಸೆಕೆಂಡಲ್ಲಿ ಗೆದ್ದ ಅಂತ. ಆತ ಎರಡೂ ಸುತ್ತು ಹೆಚ್ಚುಕಮ್ಮಿ ಒಂದೇ ಸ್ಪೀಡಲ್ಲಿ ಓಡಿದ್ದ, ಸ್ಲೋ ಆಗಿದ್ದು ಉಳಿದೋರು. 2018 ಜಕಾರ್ತ ಏಷ್ಯನ್ ಗೇಮ್ಸಲ್ಲಿ ನಮ್ಮ ಮಂಜಿತ್ ಸಿಂಗ್ 800ರ ಕೊನೇ ನೂರು ಮೀಟರಲ್ಲಿ ಎಲ್ಲಾರ್ನೂ ಹಿಂದೆ ಹಾಕಿ 1:46.15ಕ್ಕೆ ಚಿನ್ನ ತಗೊಂಡಾಗ ನಂಗೆ ವಾಟಲ್ಲೇ ನೆನಪಾದ. ನಮ್ಮವನೇ ಜಿನ್ಸನ್ ಜಾನ್ಸನ್ ಬೆಳ್ಳಿ. ಆ ವರ್ಷವೇ ಜಿನ್ಸನ್ ಶ್ರೀರಾಮ್ ಸಿಂಗ್‌ರ 1976ರ ನ್ಯಾಷನಲ್ ರೆಕಾರ್ಡ್ ಮುರಿದಿದ್ದು, 42 ವರ್ಷ ನಿಂತಿತ್ತು ಅದು.

ಶ್ರೀರಾಮ್ ಸಿಂಗ್‌ಗೆ ಈ ಬಾಕ್ಸು ಗೀಕ್ಸು ಯಾವ ತಲೆನೋವೂ ಇರ್ಲಿಲ್ಲ, ಮಾಂಟ್ರಿಯಲ್ ಒಲಿಂಪಿಕ್ ಫೈನಲಲ್ಲಿ ಮೊದಲ ಸುತ್ತು ತಾನೇ ಮುಂದೆ ಓಡಿದ್ರು, 1:45.77, ಏಳನೇ ಜಾಗ. ಆ ಸ್ಪೀಡ್ ಹಿಡ್ಕೊಂಡು ಕ್ಯೂಬಾದ ಹ್ವಾಂಟೊರೇನಾ ವರ್ಲ್ಡ್ ರೆಕಾರ್ಡ್ ಮಾಡ್ದ. ಮುಂದೆ ಓಡಿ ಗೆಲ್ಬೇಕು ಅಂದ್ರೆ ಕೀನ್ಯಾದ ರುಡಿಶಾ ಆಗಿರ್ಬೇಕು, ಲಂಡನ್ 2012, ಮೊದಲ ಸುತ್ತು 49.28, ಒಟ್ಟು 1:40.91. ಅವನಿಗೆ ಟ್ಯಾಕ್ಟಿಕ್ಸೇ ಬೇಕಿರ್ಲಿಲ್ಲ.

ಇಷ್ಟೆಲ್ಲಾ ಆ ಹುಡುಗನಿಗೆ ಫೋನಲ್ಲಿ ಹೇಳೋಕಾಗತ್ತಾ, ಅಕ್ಕ ಬೇರೆ ಹಿಂದಿಂದ "ಮಲ್ಗೋಕೆ ಬಿಡೋ ಅವನ್ನ" ಅಂತಿದ್ಲು. ಮೂರೇ ಮಾತು ಹೇಳ್ದೆ. ಗೆರೆ ದಾಟಿದ ಮೇಲೇ ಓರೆಯಾಗಿ ನಿಧಾನಕ್ಕೆ ಒಳಗೆ ಬಾ. ಬೆಲ್ ಹೊತ್ತಿಗೆ ಮೊದಲನೇನೋ ಎರಡನೇನೋ, ಅವನ ಬಲಭುಜದ ಪಕ್ಕ ಇರು. ದಾಟೋದಾದ್ರೆ ಸ್ಟ್ರೇಟಲ್ಲಿ ದಾಟು, ಬೆಂಡ್ ಮಧ್ಯ ಹೊರಡ್ಬೇಡ.

ಶನಿವಾರ ಸಂಜೆ ಫೋನ್ ಬಂತು. "ಮಾಮ, ಬಾಕ್ಸ್ ಆಗ್ಲೇ ಇಲ್ಲ, ನೀನ್ ಹೇಳಿದ್ ಜಾಗದಲ್ಲೇ ಇದ್ದೆ, ಬೆಲ್ ಆದಾಗ ಎರಡನೇನು."

"ಆಮೇಲೆ?"

"ಆಮೇಲೆ ಕಾಲು ಖಾಲಿ ಆಗೋಯ್ತು. ಆರನೇ ಪ್ಲೇಸು."

ಏದುಸಿರು ಬಂತೇನೋ ಅಂತ ಕೇಳ್ದೆ. ವಾಂತೀನೇ ಬಂತು ಮಾಮ ಅಂದ.